ಘಾಟ್ ಇಳಿಯುವಾಗ ಬಂದ್ ಮಾಡಿದ ಎಂಜಿನ್

ನಮ್ಮ ಜನರಿಗೆ ಇಳಿಜಾರು ಕಂಡರೆ ಸಾಕು, ಕೈ ತಾನಾಗಿಯೇ ಕೀಲಿಯ ಕಡೆ ಹೋಗುತ್ತದೆ. ಘಾಟಿನ ನೆತ್ತಿಗೆ ಬಂದರು, ಎಂಜಿನ್ ಬಂದ್ ಮಾಡಿದರು, ಗಾಡಿಯನ್ನು ಹಾಗೇ ಉರುಳಲು ಬಿಟ್ಟರು. ಯಾಕೆ ಅಂತ ಕೇಳಿದರೆ, ಇಳಿಜಾರು ದೇವರು ಕೊಟ್ಟದ್ದು, ಅದಕ್ಕೂ ಪೆಟ್ರೋಲ್ ಸುಡಬೇಕೇನು ಎಂದು ನಮಗೇ ತಿರುಗಿ ಕೇಳುತ್ತಾರೆ. ಬೈಕಿನವರೂ ಹೀಗೇ, ಕಾರಿನವರೂ ಹೀಗೇ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಪುಣೆಯ ಸುತ್ತಲಿನ ಗುಡ್ಡಗಳೆಲ್ಲ ಹಸಿರಾಗುತ್ತವೆ, ಭಾನುವಾರ ಬಂತೆಂದರೆ ಅರ್ಧ ಊರು ಘಾಟಿನ ಮೇಲೆಯೇ ಇರುತ್ತದೆ. ಅವರಲ್ಲಿ ಎಷ್ಟು ಜನ ಎಂಜಿನ್ ಬಂದ್ ಮಾಡಿ ಇಳಿಯುತ್ತಾರೋ, ಲೆಕ್ಕ ಇಟ್ಟವರಿಲ್ಲ.

ನಾನು ಶೈಲಾ. ಪುಣೆಯ ಧನಕವಡಿಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಕ್ಲಾಸು ನಡೆಸುತ್ತೇನೆ. ತವರು ಧಾರವಾಡ. ಬಾಯಿ ಸ್ವಲ್ಪ ಜೋರು ಎಂದು ಎಲ್ಲರೂ ಹೇಳುತ್ತಾರೆ, ಹೇಳಲಿ. ನನ್ನ ಕಸುಬಿನಲ್ಲಿ ಮೆತ್ತಗೆ ಹೇಳಿದರೆ ಯಾರೂ ಬ್ರೇಕ್ ಒತ್ತುವುದಿಲ್ಲ.

ನಮ್ಮ ಎದುರು ಮನೆಯವರು ರಾಮಲಿಂಗಪ್ಪನವರು. ಸಿಂದಗಿ ಕಡೆಯವರು, ಪುಣೆಗೆ ಬಂದು ಒಂದು ಕಾಲವಾಯಿತು. ಪೇಟೆಯಲ್ಲಿ ಇಳಕಲ್ ಸೀರೆ ಮತ್ತು ರವಿಕೆಯ ಖಣದ ಅಂಗಡಿ ಇಟ್ಟಿದ್ದಾರೆ. ಮೊದಮೊದಲು ತಾವೇ ಹಳೆಯ ಟೆಂಪೋ ಹೊಡೆದುಕೊಂಡು ಊರ ಕಡೆಯಿಂದ ಸೀರೆಯ ಗಂಟು ತರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಉಳಿತಾಯದ ಹುಚ್ಚು. ಪಾರ್ಸೆಲ್ಲಿಗೆ ಕಟ್ಟಿ ಬಂದ ಸುತಳಿಯನ್ನೂ ಬಿಚ್ಚಿ, ಸುತ್ತಿ, ಡಬ್ಬಿಯಲ್ಲಿ ಇಡುವವರು. ಉಳಿಸುವುದು ತಪ್ಪಲ್ಲ ಬಿಡಿ. ಉಳಿಸಬಾರದ ಕಡೆ ಉಳಿಸಲು ಹೋಗುವುದು ತಪ್ಪು.

ಅವರ ಹೆಂಡತಿ ಪಾರವ್ವ. ಮಗ ಸಂಜು, ಖರಾಡಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾನೆ. ಸೊಸೆ ದೀಪಾಲಿ, ಬೆಳಗಾವಿಯ ಹುಡುಗಿ. ಅವಳು ಬಸುರಿಯಾದ ಸುದ್ದಿ ಗೊತ್ತಾದ ದಿನ ರಾಮಲಿಂಗಪ್ಪನವರು ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದ್ದರು. ಸೀರೆ ಕೊಳ್ಳದೆ ಬರೀ ನೋಡಿ ಹೋದವರಿಗೂ. ಅವರ ಕೈ ಅಷ್ಟು ಸಡಿಲವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಕಡೆ ಬಸುರಿಗೆ ಬಯಕೆ ಊಟ ಮಾಡಿಸುವ ಪದ್ಧತಿ ಇದೆಯಲ್ಲ, ಪುಣೆಗೆ ಬಂದರೂ ಅದನ್ನು ನಾವು ಬಿಟ್ಟಿಲ್ಲ. ಓಣಿಯ ಒಬ್ಬೊಬ್ಬರು ಒಂದೊಂದು ದಿನ ಕರೆದು ಅವಳಿಗೆ ಬೇಕಾದದ್ದನ್ನು ಮಾಡಿ ಬಡಿಸುತ್ತೇವೆ. ನನ್ನ ಸರದಿ ಬಂದಾಗ, ಏನು ಮಾಡಲಿ, ಎಲ್ಲಿ ಉಣ್ಣುತ್ತೀ ಎಂದು ದೀಪಾಲಿಯನ್ನು ಕೇಳಿದೆ. ಅವಳಿಗೆ ತಿನ್ನುವುದಕ್ಕಿಂತ ನೋಡುವ ಬಯಕೆಯೇ ಹೆಚ್ಚಾಗಿತ್ತು. ಭೋರ್ ಊರು ದಾಟಿದ ಮೇಲೆ ಕೊಂಕಣಕ್ಕೆ ಇಳಿಯುವ ಘಾಟ್ ಇದೆಯಲ್ಲ, ಅಲ್ಲಿ ನೀರು ಬೀಳುವ ಜಾಗದಲ್ಲಿ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ ತಿನ್ನಬೇಕು ಎಂದಳು. ಡಾಕ್ಟರನ್ನು ಕೇಳಿದೆವು. ನಿಧಾನ ಹೋಗಿ, ಬೆಲ್ಟ್ ಹಾಕಿಕೊಳ್ಳಿ, ನಡುನಡುವೆ ಇಳಿದು ಓಡಾಡಿ ಎಂದರು.

ಗಣಪತಿ ಕಳಿಸಿ ಆಗಿತ್ತು, ಮಳೆ ಹಿಂದೆ ಸರಿದಿತ್ತು. ಸಂಜುಗೆ ಆ ಭಾನುವಾರವೂ ಆಫೀಸು. ಹೊಸದಾಗಿ ತೆಗೆದುಕೊಂಡಿದ್ದ ಕಾರನ್ನು ರಾಮಲಿಂಗಪ್ಪನವರೇ ಹೊಡೆಯುತ್ತೇನೆ ಎಂದರು. ನಾನು ಹೊಡೆಯುತ್ತೇನೆ ಎಂದೆ, ಕೇಳಲಿಲ್ಲ. ಕ್ಲಾಸಿನಲ್ಲಿ ಕಲಿಸುವವರು ಬೇರೆ, ಘಾಟ್ ಹೊಡೆದವರು ಬೇರೆ ಎಂದು ನಕ್ಕರು. ಸಂಜು ನನ್ನ ಹತ್ತಿರ ಬಂದು, "ಶೈಲಕ್ಕ, ಆಕಿನ್ನ ನಿಮ್ಮ ಮ್ಯಾಲೆ ಬಿಟ್ಟೀನ್ರಿ" ಎಂದು ಮೆಲ್ಲಗೆ ಹೇಳಿ ಹೋದ.

ಹೊರಡುವಾಗಲೇ ಬೆಲ್ಟಿನ ಜಗಳ. ಬಸುರಿಗೆ ಬೆಲ್ಟ್ ಕಟ್ಟಿದರೆ ಹೊಟ್ಟೆ ಒತ್ತಿ ಕೂಸಿಗೆ ಪೆಟ್ಟಾಗುತ್ತದೆ ಎಂದು ಪಾರವ್ವನವರ ವಾದ. ಬೆಲ್ಟ್ ಹಾಕುವುದಕ್ಕೂ ಒಂದು ರೀತಿ ಇದೆ ಎಂದು ನಾನು ತೋರಿಸಿದೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಹೊಟ್ಟೆಯ ಕೆಳಗೆ, ತೊಡೆಯ ಸಂದಿಗೆ ತಾಗಿ ಕೂರಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ದೀಪಾಲಿ ಹಾಗೇ ಹಾಕಿಕೊಂಡು, ಏನೂ ಒತ್ತುವುದಿಲ್ಲ ಎಂದಳು. ಪಾರವ್ವನವರು ಮಾತ್ರ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟನ್ನು ಸೆರಗಿನಂತೆ ಹೆಗಲ ಮೇಲೆ ಎಳೆದುಕೊಂಡು, ತುದಿಯನ್ನು ಕೈಯಲ್ಲಿ ಹಿಡಿದುಕೊಂಡರು. ಪೊಲೀಸರಿಗೆ ಕಂಡರೆ ಸಾಕಂತೆ. ಹೇಳಿ ಹೇಳಿ ಸಾಕಾಗಿ ನಾನು ಸುಮ್ಮನಾದೆ.

ದಾರಿ ಎಷ್ಟು ಚೆಂದ ಇತ್ತೆಂದರೆ ಜಗಳವೆಲ್ಲ ಮರೆತುಹೋಯಿತು. ಭೋರ್ ದಾಟಿದ ಮೇಲೆ ಒಂದು ಕಡೆ ತುಂಬಿದ ಹಿನ್ನೀರು, ಇನ್ನೊಂದು ಕಡೆ ಗುಡ್ಡದ ತುಂಬ ಹಳದಿ ಹೂವು. ದೀಪಾಲಿ ಕಿಟಕಿ ಇಳಿಸಿ ಮುಖ ಒಡ್ಡಿಕೊಂಡು ಕೂತಿದ್ದಳು. ಘಾಟಿನ ನೆತ್ತಿಯಲ್ಲಿ ಚಹಾದ ಅಂಗಡಿ ಇತ್ತು. ಅಲ್ಲಿ ಇಳಿದು ಈರುಳ್ಳಿಯ ಕಾಂದಾ ಭಜಿ ತಿಂದೆವು. ಕೆಳಗೆ ನೋಡಿದರೆ ರಸ್ತೆ ತಿರುವಿನ ಮೇಲೆ ತಿರುವು ಹಾಕುತ್ತ ಮೋಡದೊಳಗೆ ಹೋಗಿತ್ತು.

ಅಲ್ಲಿಯೇ ರಾಮಲಿಂಗಪ್ಪನವರ ಬಾಯಿಂದ ಆ ಮಾತು ಹೊರಬಿತ್ತು. ಇಲ್ಲಿಂದ ಮುಂದೆ ಪೆಟ್ರೋಲಿನ ಖರ್ಚೇ ಇಲ್ಲ, ಬಂದ್ ಮಾಡಿ ಬಿಟ್ಟರೆ ನೀರು ಬೀಳುವ ಕಡೆ ತಾನಾಗಿಯೇ ಮುಟ್ಟುತ್ತದೆ ಎಂದರು. ನನ್ನ ಕೈಯಲ್ಲಿದ್ದ ಭಜಿ ಹಾಗೇ ನಿಂತಿತು. ಹಾಗೆ ಮಾಡಬೇಡಿ, ಈಗಿನ ಕಾರು ನಿಮ್ಮ ಹಳೆಯ ಟೆಂಪೋದಂತಲ್ಲ, ಎಂಜಿನ್ ನಿಂತರೆ ಬ್ರೇಕಿಗೆ ಬಲ ಇರುವುದಿಲ್ಲ ಎಂದು ಹೇಳಿದೆ. ಅವರು ಚಹಾ ಊದಿಕೊಂಡು ಕುಡಿಯುತ್ತ, "ಶೈಲವ್ವ, ನಾ ಟೆಂಪೋ ಹೊಡ್ಯಾಕತ್ತಿದಾಗ ನೀ ಇನ್ನಾ ಸಾಲಿಗೆ ಹೊಂಟಿದ್ದಿ. ಬ್ರೇಕಿಗೂ ಎಂಜಿನ್ನಿಗೂ ಏನ ಸಂಬಂಧ ಅದ?" ಎಂದರು.

ಸಂಬಂಧ ಏನೆಂದು ನಾನು ಹೇಳತೊಡಗಿದೆ. ಅವರ ಕಿವಿ ಅಲ್ಲಿರಲಿಲ್ಲ. ಪಾರವ್ವನವರು ನಡುವೆ ಬಂದು, ಆಕೆ ಇಷ್ಟು ಹೇಳುತ್ತಾಳೆ, ಚಾಲೂ ಇಟ್ಟೇ ಇಳಿಸಿ ಎಂದಾಗ, ಆಯ್ತವ್ವಾ ಆಯ್ತು ಎಂದು ಕೈಯಾಡಿಸಿದರು. ನಾನು ನಂಬಿದೆ.

ಎರಡು ತಿರುವು ಚೆನ್ನಾಗಿಯೇ ಇಳಿದರು. ನಾನು ಹಿಂದೆ ದೀಪಾಲಿಯ ಪಕ್ಕದಲ್ಲಿ ಕೂತು ಬುತ್ತಿಯ ಡಬ್ಬಿಗಳನ್ನು ಸರಿಮಾಡುತ್ತಿದ್ದೆ. ಒಮ್ಮೆಲೇ ಗಾಡಿಯೊಳಗೆ ಶಾಂತವಾಯಿತು. ದೂರದಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಎಷ್ಟು ಶಾಂತ ಇದೆ ನೋಡಿ ಎಂದು ದೀಪಾಲಿ ಖುಷಿಯಿಂದ ಹೇಳಿದಳು. ನಾನು ತಲೆಯೆತ್ತಿ ನೋಡಿದರೆ ಮುಂದಿನ ಫಲಕದ ಮೇಲೆ ಕೆಂಪು ದೀಪಗಳು ಹತ್ತಿದ್ದವು. ಮನುಷ್ಯ ಮೆಲ್ಲಗೆ ಕೀಲಿ ತಿರುವಿ ಎಂಜಿನ್ ಬಂದ್ ಮಾಡಿ, ಗೇರ್ ತೆಗೆದು, ಗಾಡಿಯನ್ನು ಉರುಳಲು ಬಿಟ್ಟಿದ್ದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ಇದಕ್ಕೇ.

ಚಾಲೂ ಮಾಡಿ ಎಂದು ನಾನು ಹೇಳಿದೆ. ಈ ಒಂದು ತಿರುವು ಆಗಲಿ ಎಂದರು. ಮೊದಲ ಸಲ ಬ್ರೇಕ್ ಒತ್ತಿದಾಗ ಗಾಡಿ ಹಿಡಿಯಿತು. ಎರಡನೆಯ ಸಲವೂ ಹಿಡಿಯಿತು. ಆಮೇಲೆ ಅವರ ಹೆಗಲು ಬಿಗಿಯಾದದ್ದು ನನಗೆ ಹಿಂದಿನಿಂದ ಕಂಡಿತು. ಪೆಡಲ್ ಕಲ್ಲಿನಂತಾಗಿತ್ತು. ಕಾಲು ಒತ್ತುತ್ತಿತ್ತು, ಪೆಡಲ್ ಇಳಿಯುತ್ತಿರಲಿಲ್ಲ. ಸ್ಟೀರಿಂಗೂ ಭಾರವಾಗಿ ತಿರುಗಲು ಒಲ್ಲೆ ಎನ್ನುತ್ತಿತ್ತು. ಮುಂದೆ ತಿರುವು, ತಿರುವಿನ ಆಚೆಗೆ ಬರೀ ಮೋಡ. ಕೆಳಗಿನಿಂದ ಸರಕಾರಿ ಎಸ್‌ಟಿ ಬಸ್ಸು ಹಾರ್ನ್ ಹೊಡೆಯುತ್ತ ಮೇಲೆ ಬರುತ್ತಿತ್ತು.

"ಎರಡೂ ಕಾಲು ಹಾಕಿ ಒತ್ರಿ, ಬಿಡಬ್ಯಾಡ್ರಿ. ಗುಡ್ಡದ ಕಡೆ ತಿರುವ್ರಿ" ಎಂದೆ. ಕ್ಲಾಸಿನಲ್ಲಿ ಕೂಗುವ ದನಿಯಲ್ಲೇ ಕೂಗಿದ್ದೆ ಅಂತ ಕಾಣುತ್ತದೆ, ಅವರು ಮಗುವಿನ ಹಾಗೆ ಹೇಳಿದ್ದನ್ನು ಮಾಡಿದರು. ನಾನು ಸೀಟುಗಳ ನಡುವಿನಿಂದ ಮುಂದೆ ಬಾಗಿ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದೆ. ಒಮ್ಮೆಲೇ ಎಳೆದರೆ ಹಿಂದಿನ ಗಾಲಿ ಜಾರುತ್ತದೆ. ಕಾರು ಕಣಿವೆಯ ಕಡೆ ಹೋಗದೆ ಗುಡ್ಡದ ಬದಿಯ ಚರಂಡಿಗೆ ಒಂದು ಗಾಲಿ ಇಳಿಸಿ, ಎಲ್ಲರನ್ನೂ ಒಮ್ಮೆ ಜಗ್ಗಿ ನಿಂತಿತು. ಬಸ್ಸಿನ ಡ್ರೈವರ್ ಅಷ್ಟರಲ್ಲಿ ತನ್ನ ಬಸ್ಸನ್ನು ನಿಲ್ಲಿಸಿದ್ದ.

ಬೆಲ್ಟಿನ ತುದಿ ಕೈಯಲ್ಲಿ ಹಿಡಿದು ಕೂತಿದ್ದ ಪಾರವ್ವನವರ ಹಣೆ ಎದುರಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ತಿರುಗಿ ಸೊಸೆಯ ಹೊಟ್ಟೆ ಮುಟ್ಟಿದರು. ದೀಪಾಲಿಯನ್ನು ಬೆಲ್ಟ್ ಹಿಡಿದಿತ್ತು, ಹೊಟ್ಟೆಗೆ ಏನೂ ತಾಗಿರಲಿಲ್ಲ. ಆದರೂ ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂತಳು. ಯಾಕೆ ಸುಳ್ಳು ಹೇಳಲಿ, ನನ್ನ ತಲೆಯಲ್ಲಿದ್ದದ್ದು ಸಂಜುಗೆ ನಾನು ಏನೆಂದು ಉತ್ತರ ಕೊಡಲಿ ಎಂಬ ಒಂದೇ ಯೋಚನೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟು, ಕೂಸು ಒದೀತು ಎಂದಳು. ಪಾರವ್ವನವರು ಅಲ್ಲಿಯೇ ಅಳತೊಡಗಿದರು.

ಬಸ್ಸಿನವರು ಇಳಿದು ಬಂದು ಗಾಲಿಯನ್ನು ಎತ್ತಿ ರಸ್ತೆಗೆ ತಂದು ಕೊಟ್ಟರು. ತಿರುವಿಗೆ ಮೊದಲು ಒಂದು ಅಗಲವಾದ ಸಮತಟ್ಟು ಜಾಗವಿತ್ತು, ಅಲ್ಲಿಗೆ ತಳ್ಳಿ ನಿಲ್ಲಿಸಿ ಬಸ್ಸು ಹತ್ತಿ ಹೋದರು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಕೂಸು ಒದ್ದದ್ದು ಒಳ್ಳೆಯದು, ಆದರೂ ಜಗ್ಗಿದ ಮೇಲೆ ತೋರಿಸಲೇಬೇಕು, ಭೋರ್‌ನ ಆಸ್ಪತ್ರೆಗೆ ಈಗಲೇ ಹೋಗಿ ಎಂದರು. ಅಂದರೆ ತಿರುಗಿ ಘಾಟ್ ಹತ್ತಿ, ಆ ಕಡೆಯ ಇಳಿಜಾರು ಇಳಿದು ಹೋಗಬೇಕು.

ದೀಪಾಲಿ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದವಳು ಏಳಲಿಲ್ಲ. ಮನೆಯಲ್ಲಿ ಮಾವನ ಎದುರು ದನಿ ಎತ್ತಿದ ಹುಡುಗಿಯೇ ಅಲ್ಲ ಅವಳು. ಆವತ್ತು ನೇರವಾಗಿ ಹೇಳಿದಳು. "ಮಾವಾರ, ಆ ಬಸ್ಸಿನಾಗ ಹೋಗಬೇಕಿತ್ತು ನಾನು. ನಿಮ್ಮ ಗಾಡಿ ಹತ್ತಾಕ ನನಗ ಧೈರ್ಯ ಆಗವಲ್ದು."

ರಾಮಲಿಂಗಪ್ಪನವರ ಮುಖ ಸಣ್ಣದಾಯಿತು. ತಪ್ಪು ತಿಳಿಯಿತು ಎಂದು ನೀವು ಅಂದುಕೊಂಡರೆ, ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿಯ ಬ್ರೇಕೇ ಸರಿಯಿಲ್ಲ, ಹೊಸ ಗಾಡಿ ಎಂದು ಹೇಳಿ ನನಗೆ ಮೋಸ ಮಾಡಿದ್ದಾರೆ, ನಾಳೆಯೇ ಹೋಗಿ ಕೇಳುತ್ತೇನೆ ಎಂದು ಕಾರಿನ ಸುತ್ತ ಓಡಾಡತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಸಿಟ್ಟು ಮಾಡಿದರೆ ಆ ಮನುಷ್ಯ ಇನ್ನೂ ಬಿಗಿಯುತ್ತಾರೆ, ದೀಪಾಲಿ ಅಲ್ಲೇ ಕೂತಿರುತ್ತಾಳೆ. ಅವಳನ್ನು ಬೇಗ ಭೋರ್ ಮುಟ್ಟಿಸಬೇಕಿತ್ತು.

"ಕಾಕಾರ, ನನ್ನ ಮಾತು ಕೇಳಬ್ಯಾಡ್ರಿ. ಗಾಡಿನ್ನ ಕೇಳೋಣ ಬರ್ರಿ" ಎಂದೆ.

ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹ್ಯಾಂಡ್ ಬ್ರೇಕ್ ಎಳೆಸಿದೆ, ಗಾಲಿಗೆ ಕಲ್ಲು ಇಟ್ಟೆ, ಗೇರ್ ತೆಗೆಸಿದೆ. ಎಂಜಿನ್ ಬಂದ್ ಇರಲಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ ಎಂದೆ. ಒತ್ತಿದರು. ನಾಲ್ಕೈದು ಸಲ ಆಗುವಷ್ಟರಲ್ಲಿ ಪೆಡಲ್ ಗಟ್ಟಿಯಾಯಿತು. ಅವರು ನನ್ನ ಕಡೆ ನೋಡಿದರು. ಆ ತಿರುವಿನಲ್ಲಿ ಕಾಲಿಗೆ ಸಿಕ್ಕ ಕಲ್ಲೇ ಇದು ಎಂದು ಅವರಿಗೆ ಗುರುತು ಸಿಕ್ಕಿತ್ತು. ಈಗ ಕಾಲು ತೆಗೆಯಬೇಡಿ, ಹಾಗೇ ಒತ್ತಿಕೊಂಡು ಕೀಲಿ ತಿರುವಿ ಎಂದೆ. ಎಂಜಿನ್ ಚಾಲೂ ಆಯಿತು. ಆಗುತ್ತಿದ್ದ ಹಾಗೆ ಪೆಡಲ್ ಅವರ ಕಾಲ ಕೆಳಗೆ ತಾನಾಗಿಯೇ ಮೆತ್ತಗೆ ಇಳಿಯಿತು.

ರಾಮಲಿಂಗಪ್ಪನವರು ತಾವೇ ಎಂಜಿನ್ ಬಂದ್ ಮಾಡಿ ಮತ್ತೆ ಒತ್ತಿ ನೋಡಿದರು. ಕಲ್ಲು. ಚಾಲೂ ಮಾಡಿದರು. ಬೆಣ್ಣೆ. ಮೂರನೆಯ ಸಲವೂ ಮಾಡಿದರು. ಆಮೇಲೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

ನಾನು ಆಗ ನಿಧಾನವಾಗಿ ಹೇಳಿದೆ. ಈಗಿನ ಕಾರಿನಲ್ಲಿ ನಮ್ಮ ಕಾಲಿನ ಬಲಕ್ಕೆ ಎಂಜಿನ್ನಿನ ಬಲವೂ ಸೇರಿ ಬ್ರೇಕ್ ಹಿಡಿಯುತ್ತದೆ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಅದು ಮುಗಿಯಿತೆಂದರೆ ಉಳಿಯುವುದು ನಮ್ಮ ಕಾಲು ಮಾತ್ರ. ಸ್ಟೀರಿಂಗಿಗೂ ಹಾಗೇ. ಕೀಲಿಯನ್ನೇ ಹೊರಗೆ ತೆಗೆದರೆ ಸ್ಟೀರಿಂಗ್ ಲಾಕ್ ಆಗಿ ನಿಲ್ಲುತ್ತದೆ. ಆ ಹಳೆಯ ಟೆಂಪೋದ ಬ್ರೇಕಿಗೆ ಮೊದಲಿನಿಂದಲೂ ಕಾಲಿನ ಬಲವೇ ಬೇಕಿತ್ತು, ನಿಮ್ಮ ಕಾಲಿಗೆ ಅದು ರೂಢಿಯಾಗಿತ್ತು, ರಸ್ತೆಯೂ ಖಾಲಿ ಇರುತ್ತಿತ್ತು. ಅಷ್ಟಕ್ಕೂ ಅದು ಸರಿಯಾಗಿತ್ತು ಅಂತಲ್ಲ, ನಿಮ್ಮ ಪುಣ್ಯ ಗಟ್ಟಿ ಇತ್ತು.

"ಹಂಗಾರ ಚಾಲೂ ಇಟ್ಟು ನ್ಯೂಟ್ರಲ್‌ನಾಗ ಇಳಸಬಹುದಲ್ಲ?" ಎಂದು ಕೇಳಿದರು. ವ್ಯಾಪಾರಿ ನೋಡಿ, ಕೊನೆಯ ತನಕ ಚೌಕಾಸಿ.

ಅದೂ ಬೇಡ ಎಂದೆ. ಗೇರ್ ಇಲ್ಲದಿದ್ದರೆ ಗಾಡಿಯನ್ನು ತಡೆಯುವ ಕೆಲಸವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಒತ್ತಿ ಒತ್ತಿ ಬ್ರೇಕ್ ಕಾಯುತ್ತದೆ, ಕಾದ ಮೇಲೆ ಹಿಡಿಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಯಾವ ಗೇರಿನಲ್ಲಿ ಘಾಟ್ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಂದಿನಿಂದ ಜಗ್ಗಿ ಹಿಡಿಯುತ್ತದೆ. ಇನ್ನು ಪೆಟ್ರೋಲಿನ ಚಿಂತೆಯೋ, ಈಗಿನ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಇಳಿಜಾರೇ ಅದನ್ನು ತಿರುಗಿಸುತ್ತಿರುತ್ತದೆ.

ಈ ಕೊನೆಯ ಮಾತಿಗೆ ಅವರು ತಲೆ ಎತ್ತಿದರು. ಇಷ್ಟು ದಿನ ಉಳಿಸುತ್ತಿದ್ದೇನೆ ಎಂದುಕೊಂಡದ್ದು ಉಳಿತಾಯವೇ ಅಲ್ಲ ಎಂದು ತಿಳಿದಾಗ ಅವರಿಗಾದ ಸಂಕಟ ನೋಡಿ ಪಾರವ್ವನವರು ಹಣೆ ಹಿಡಿದುಕೊಂಡೇ ನಕ್ಕುಬಿಟ್ಟರು.

ರಾಮಲಿಂಗಪ್ಪನವರು ಇಳಿದು ದೀಪಾಲಿಯ ಹತ್ತಿರ ಹೋದರು. ನಮ್ಮ ಕಡೆ ಮಾವಂದಿರು ಸೊಸೆಗೆ ತಪ್ಪಾಯಿತು ಎಂದು ಹೇಳುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾನು ಆವತ್ತು ಕೇಳಿದೆ. "ಯವ್ವಾ, ತಪ್ಪು ಗಾಡೀದಲ್ಲ, ನಂದು. ಶೈಲವ್ವ ಹೊಡೀತಾಳ, ನೀ ಏಳು" ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಕೀಲಿ ತೆಗೆದುಕೊಂಡು ಹೊರಟೇಬಿಟ್ಟಿದ್ದೆ. ದೀಪಾಲಿ ತಡೆದಳು. ಒಂದು ಕ್ಷಣ ಮಾವನ ಮುಖ ನೋಡಿದಳು. "ಶೈಲಕ್ಕ, ನೀವು ದಿನಾ ಬರಾಂಗಿಲ್ಲ. ನಾಳೆ ಕೂಸನ್ನ ಕರಕೊಂಡು ನಾ ಮಾವಾರ ಗಾಡ್ಯಾಗೇ ಓಡಾಡಬೇಕು. ಅವರೇ ಹೊಡೀಲಿ. ನೀವು ಬಾಜೂಕ ಕೂತು ಹೇಳ್ರಿ" ಎಂದಳು.

ಆ ಹುಡುಗಿಯ ಧೈರ್ಯ ನೋಡಿ ನಾನು ಕೀಲಿಯನ್ನು ತಿರುಗಿ ಕೊಟ್ಟೆ. ಪಾರವ್ವನವರು ಹಿಂದೆ ಸೊಸೆಯ ಪಕ್ಕ ಕೂತು, ಯಾರೂ ಹೇಳದೆ ತಮ್ಮ ಬೆಲ್ಟನ್ನು ಎಳೆದು ಸಿಕ್ಕಿಸಿದರು. ನಾನು ಮುಂದೆ ಕೂತೆ. ಹತ್ತುವ ತನಕ ಏನೂ ತೊಂದರೆಯಿರಲಿಲ್ಲ. ಇಳಿಜಾರು ಶುರುವಾಗುವ ಮೊದಲು ರಾಮಲಿಂಗಪ್ಪನವರು ಗಾಡಿಯನ್ನು ನಿಧಾನ ಮಾಡಿ ಎರಡನೆಯ ಗೇರಿಗೆ ಹಾಕಿದರು. ಎಂಜಿನ್ ಗುಂಯ್ ಎಂದು ಸದ್ದು ಮಾಡಿತು. ಅವರಿಗೆ ಹೆದರಿಕೆಯಾಯಿತು, ಎಂಜಿನ್ ಹಾಳಾಗುತ್ತದೇನೋ ಎಂದು. ಕೂಗಲಿ ಬಿಡಿ, ಅದು ಗಾಡಿಯನ್ನು ಹಿಡಿದಿರುವ ಸದ್ದು ಎಂದೆ. ತಿರುವಿಗೆ ಮೊದಲು ಬ್ರೇಕ್, ತಿರುವಿನಲ್ಲಿ ಕಾಲು ತೆಗೆಯಿರಿ, ಮೇಲೆ ಬರುವವರಿಗೆ ದಾರಿ ಬಿಡಿ. ಮೂರು ತಿರುವು ನಾನು ಹೇಳಿದೆ. ನಾಲ್ಕನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅವರು ಮಾಡಿದರು. ಹಣೆಯ ಮೇಲೆ ಬೆವರು ಇತ್ತು, ಒರೆಸಿಕೊಳ್ಳಲು ಸ್ಟೀರಿಂಗಿನಿಂದ ಒಂದು ಕೈಯನ್ನೂ ತೆಗೆಯಲಿಲ್ಲ.

ಭೋರ್‌ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೂಸಿನ ಎದೆಬಡಿತವನ್ನು ಯಂತ್ರದಲ್ಲಿ ಎಲ್ಲರಿಗೂ ಕೇಳಿಸಿದರು. ತಾಯಿಗೂ ಮಗುವಿಗೂ ಏನೂ ಆಗಿಲ್ಲ, ಬೆಲ್ಟ್ ಸರಿಯಾಗಿ ಹಾಕಿದ್ದು ಒಳ್ಳೆಯದಾಯಿತು ಎಂದರು. ಪಾರವ್ವನವರ ಹಣೆಗೆ ಮುಲಾಮು ಹಚ್ಚಿ ಕಳಿಸಿದರು. ರಾಮಲಿಂಗಪ್ಪನವರು ಎದೆಬಡಿತ ಕೇಳಿದವರು ಹೊರಗೆ ಹೋದರು. ನಾನು ಹಿಂದೆ ಹೋಗಿ ನೋಡಿದರೆ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ನಾನು ಅವರನ್ನು ಕರೆಯಲಿಲ್ಲ. ಕೆಲವು ಅಳು ಒಳ್ಳೆಯದು, ಅತ್ತು ಮುಗಿಸಲಿ ಎಂದು ಬಂದುಬಿಟ್ಟೆ.

ಬಯಕೆ ಬುತ್ತಿಯನ್ನು ಭೋರ್‌ನ ನದಿಯ ಪಕ್ಕ, ಒಂದು ಆಲದ ಮರದ ಕೆಳಗೆ ಬಿಚ್ಚಿದೆವು. ಸಜ್ಜೆ ರೊಟ್ಟಿ ಮುರಿದಿತ್ತು, ಎಣ್ಣೆಗಾಯಿಯ ಎಣ್ಣೆಯೆಲ್ಲ ಡಬ್ಬಿಯ ಹೊರಗಿತ್ತು. ದೀಪಾಲಿ ಎಲ್ಲರಿಗಿಂತ ಹೆಚ್ಚು ತಿಂದಳು. ರಾಮಲಿಂಗಪ್ಪನವರು ಒಂದೊಂದೇ ಶೇಂಗಾದ ಹೋಳಿಗೆಯನ್ನು ಅವಳ ತಾಟಿಗೆ ಹಾಕುತ್ತಲೇ ಇದ್ದರು. ಸಂಜೆ ಮನೆಗೆ ಬಂದ ಮೇಲೆ ಸಂಜುಗೆ ನಡೆದದ್ದನ್ನೆಲ್ಲ ಅವರೇ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಅವನು ತಂದೆಯ ಮೇಲೆ ಕೂಗಾಡುತ್ತಾನೆ ಎಂದು ನಾನು ಬಾಗಿಲಲ್ಲಿ ತಯಾರಾಗಿ ನಿಂತಿದ್ದೆ. ಅವನು ಎಲ್ಲ ಕೇಳಿ, ಆ ಬ್ರೇಕಿನ ಪರೀಕ್ಷೆ ನನಗೂ ತೋರಿಸಿ ಎಂದ. ಅಪ್ಪ ಮಗ ಇಬ್ಬರೂ ಕೆಳಗೆ ಪಾರ್ಕಿಂಗಿನಲ್ಲಿ ಕೂತು ಪೆಡಲ್ ಒತ್ತಿ ಒತ್ತಿ ನೋಡಿದರು.

ಅಲ್ಲಿಂದ ಮುಂದೆ ನಮ್ಮ ಓಣಿಯಲ್ಲಿ ರಾಮಲಿಂಗಪ್ಪನವರ ಕಾಟ ಶುರುವಾಯಿತು. ಯಾರಾದರೂ ಮಹಾಬಳೇಶ್ವರಕ್ಕೆ ಹೊರಟರು, ಊರಿಗೆ ಹೊರಟರು ಎಂದು ಗೊತ್ತಾದರೆ ಸಾಕು, ಕೆಳಗಿಳಿದು ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪರೀಕ್ಷೆ ಮಾಡಿಸುತ್ತಾರೆ. ಹಿಂಜವಾಡಿಯಲ್ಲಿ ಕೆಲಸ ಮಾಡುವ ಸುಖೇಶ್ ಎಂಬ ಹುಡುಗನ ಬೈಕನ್ನೂ ಬಿಡಲಿಲ್ಲ. ಅವನು ಗೆಳೆಯರ ಜೊತೆ ಪ್ರತಿ ವಾರ ಘಾಟ್ ಸುತ್ತುವವನು, ಇಳಿಯುವಾಗ ಎಂಜಿನ್ ಬಂದ್ ಮಾಡುವವನೇ. ಬೈಕಿಗೂ ಎಂಜಿನ್ನಿನ ಹಿಡಿತ ಬೇಕು, ಬರೀ ಬ್ರೇಕಿನ ಮೇಲೆ ಇಳಿದರೆ ಅದೂ ಕಾಯುತ್ತದೆ, ಒದ್ದೆ ರಸ್ತೆಯಲ್ಲಿ ಜೋರಾಗಿ ಹಿಡಿದರೆ ಗಾಲಿ ಜಾರುತ್ತದೆ, ಹಿಂದೆ ಕೂತವರಿಗೂ ಹೆಲ್ಮೆಟ್ ಇರಬೇಕು ಎಂದು ನನ್ನಿಂದ ಕಲಿತದ್ದನ್ನು ನನ್ನ ಎದುರಿಗೇ ಅವನಿಗೆ ಕಲಿಸಿದರು. ನನ್ನ ಕ್ಲಾಸಿಗೆ ಬರುವವರು ಕಡಿಮೆಯಾಗುತ್ತಾರೋ ಏನೋ ಎಂದು ನಾನು ಚೇಷ್ಟೆ ಮಾಡಿದೆ.

ಸೀಮಂತದ ಕುಬಸ ಆದ ಮೇಲೆ ದೀಪಾಲಿಯನ್ನು ಹೆರಿಗೆಗೆ ತವರಿಗೆ ಕಳಿಸುವ ದಿನ ಬಂತು. ಸಂಜು ರೈಲಿನ ಟಿಕೆಟು ನೋಡುತ್ತಿದ್ದ. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಕೇಳುವ ಧೈರ್ಯ ರಾಮಲಿಂಗಪ್ಪನವರಿಗೆ ಇರಲಿಲ್ಲ. ಅವರು ಅಂಗಡಿಯಲ್ಲಿ ಸೀರೆ ಮಡಚುತ್ತ ಕೂತಿದ್ದರಂತೆ. ದೀಪಾಲಿಯೇ ಫೋನ್ ಮಾಡಿ, ಡಾಕ್ಟರು ಒಪ್ಪಿದ್ದಾರೆ, ನಡುನಡುವೆ ನಿಲ್ಲಿಸುತ್ತ ಹೋಗಬೇಕಂತೆ, ಮಾವಾರೇ ನನ್ನನ್ನು ಬಿಟ್ಟು ಬರಲಿ ಎಂದು ಹೇಳಿದಳು.

ಮರುದಿನ ಬೆಳಗ್ಗೆ ಹೊರಟರು. ಬೆಳಗಾವಿ ಮುಟ್ಟಿದ ಕೂಡಲೇ ರಾಮಲಿಂಗಪ್ಪನವರು ನನಗೆ ಫೋನ್ ಮಾಡಿದರು.  ಏನಾಯಿತು ಎಂದು ನಾನೇ ಮೊದಲು ಕೇಳಿದೆ.

"ಏನೂ ಆಗಿಲ್ಲ, ಶೈಲವ್ವ. ಆರಾಮ ಮುಟ್ಟಿದ್ವಿ" ಎಂದರು. ಆಮೇಲೆ, "ಘಾಟ್ ಇಳಿಯುವಾಗ ಕನ್ನಡಿಯಾಗ ಹಿಂದ ನೋಡಿದೆ. ಹುಡುಗಿ ನಿದ್ದಿ ಮಾಡಾಕತ್ತಿತ್ತು" ಎಂದರು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನನ್ನ ಮಾತು ಇಷ್ಟೇ. ಈ ಕಾಗದವನ್ನು ಮಡಚಿ ಇಡುವ ಮೊದಲು ನಿಮ್ಮ ಮನೆಯ ಕಾರಿನ ಹತ್ತಿರ ಹೋಗಿ. ಸಮ ನೆಲದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಬಂದ್ ಇಟ್ಟು ಬ್ರೇಕನ್ನು ಕೆಲವು ಸಲ ಒತ್ತಿ ನೋಡಿ, ಆಮೇಲೆ ಕಾಲು ಒತ್ತಿಕೊಂಡೇ ಚಾಲೂ ಮಾಡಿ ನೋಡಿ. ಕಾಲಿಗೆ ತಿಳಿದದ್ದನ್ನು ತಲೆ ಮರೆಯುವುದಿಲ್ಲ. ಮನೆಯಲ್ಲಿ ಯಾರು ಗಾಡಿ ಹೊಡೆಯುತ್ತಾರೋ, ಅವರು ಎಷ್ಟೇ ಹಿರಿಯರಿರಲಿ, ಎಷ್ಟೇ ಪಳಗಿದವರಿರಲಿ, ಅವರನ್ನೂ ಕೂರಿಸಿ ಮಾಡಿಸಿ. ಘಾಟ್ ಇಳಿಯುವಾಗ ಎಂಜಿನ್ ಚಾಲೂ ಇರಲಿ, ಹತ್ತಿದ ಗೇರಿನಲ್ಲೇ ಇಳಿಯಿರಿ, ಎಲ್ಲರ ಬೆಲ್ಟೂ ಸಿಕ್ಕಿಸಿರಲಿ, ಬಸುರಿಯ ಬೆಲ್ಟ್ ಹೊಟ್ಟೆಯ ಕೆಳಗೆ ಕೂರಲಿ. ಗಾಡಿ ಓಡಿಸುವವರು ಹಟ ಹಿಡಿದರೆ ದೀಪಾಲಿಯಂತೆ ಇಳಿದು ಕಟ್ಟೆಯ ಮೇಲೆ ಕೂತುಬಿಡಿ, ಸಂಕೋಚ ಬೇಡ. ಗುಡ್ಡ, ಮೋಡ, ನೀರು ಬೀಳುವುದು ಎಲ್ಲವನ್ನೂ ನೋಡಲು ಅವಶ್ಯ ಹೋಗಿ ಬನ್ನಿ. ನಿಮ್ಮನ್ನು ನಂಬಿ ಹಿಂದೆ ಕೂತವರಿಗೆ ನಿದ್ದೆ ಬರುವ ಹಾಗೆ ಇಳಿಸಿಕೊಂಡು ಬನ್ನಿ.